ಅಚ್ಚಿನಲ್ಲಿ ಕಳೆದುಹೋದ ನಗು

ನಮ್ಮ ಸಂಘ-ಸಂಸ್ಥೆಗಳ ಪತ್ರಿಕೆಗಳನ್ನು ಕುರಿತು ವಿಮರ್ಶೆ ಬರುವುದೇ ಅಪರೂಪ. ಬಂದರೂ ಅದು ಕಥೆ ಸಪ್ಪೆಯಾಯಿತು, ಕವನ ಹೆಚ್ಚಾಯಿತು, ಅಧ್ಯಕ್ಷರ ಭಾವಚಿತ್ರ ಆರು ಕಡೆ ಬಂತು ಎಂಬಲ್ಲಿಗೆ ಮುಗಿಯುತ್ತದೆ. ಅಕ್ಷರ ಯಾವ ಗಾತ್ರದ್ದು, ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಯಾವ ಬಣ್ಣದ ಮೇಲೆ ಯಾವ ಬಣ್ಣ ಹಾಕಿದ್ದಾರೆ ಎಂಬುದನ್ನು ಯಾರೂ ವಿಮರ್ಶೆಯ ವಿಷಯವೆಂದು ಎಣಿಸುವುದಿಲ್ಲ. ಅದು ಪ್ರೆಸ್ಸಿನವರ ಕೆಲಸವೆಂದು ಬಿಟ್ಟುಬಿಡುತ್ತೇವೆ. ನಾವೂ ಹಾಗೆ ಬಿಟ್ಟವರೇ. ಬಿಟ್ಟದ್ದರಿಂದ ಒಬ್ಬ ಹಿರಿಯರ ಮಾತಿಗೆ ಏನು ಗತಿಯಾಯಿತು ಎಂಬುದನ್ನು ಕಣ್ಣಾರೆ ಕಂಡ ಮೇಲೆ ಈ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಮೊದಲು ನಮ್ಮ ಅರ್ಹತೆಯನ್ನು ಹೇಳಿಬಿಡುವುದು ಒಳ್ಳೆಯದು. ನಾವು ಕಲಾವಿದರಲ್ಲ. ಓದಿದ್ದು ಬಿ.ಎಸ್‌ಸಿ., ಮಾಡುವುದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಇಪ್ಪತ್ತು ವರ್ಷ ಫೈಲುಗಳಲ್ಲಿ ಟಿಪ್ಪಣಿ ಬರೆದು ಒಂದು ಸಂಗತಿಯನ್ನು ಮಾತ್ರ ಚೆನ್ನಾಗಿ ಕಲಿತಿದ್ದೇವೆ: ಓದಲಾಗದ ಟಿಪ್ಪಣಿಯೂ ಬರೆಯದ ಟಿಪ್ಪಣಿಯೂ ಒಂದೇ. ಈ ಸಣ್ಣ ಜ್ಞಾನವನ್ನು ಕಚೇರಿಯಲ್ಲೇ ಬಿಟ್ಟು ಸಂಘದ ಕೆಲಸಕ್ಕೆ ಹೋದದ್ದು ನಮ್ಮ ತಪ್ಪು.

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಮಾಸಪತ್ರಿಕೆಯವರು ರಾಜ್ಯೋತ್ಸವಕ್ಕೆ ‘ಸಂದರ್ಶನ ಸಂಚಿಕೆ’ ತರಲು ನಿಶ್ಚಯಿಸಿದರು. ಕಥೆಯಿಲ್ಲ, ಕವನವಿಲ್ಲ, ಐರೋಲಿ, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲಸಿರುವ ಹಿರಿಯ ಕನ್ನಡಿಗರ ಸಂದರ್ಶನಗಳು ಮಾತ್ರ. ಯೋಚನೆ ನಿಜಕ್ಕೂ ದೊಡ್ಡದು. ಊರು ಬಿಟ್ಟು ಬಂದ ಮೊದಲ ತಲೆಮಾರಿನವರು ಬರೆಯುವವರಲ್ಲ, ಅವರು ದುಡಿದವರು. ಅವರ ಬದುಕು ಎಲ್ಲಾದರೂ ದಾಖಲಾಗುವುದಿದ್ದರೆ ಅದು ಯಾರಾದರೂ ಕುಳಿತು ಕೇಳಿ ಬರೆದುಕೊಂಡಾಗ ಮಾತ್ರ. ಸಂಪಾದಕ ಮಂಡಳಿಯಲ್ಲಿ ನಮಗೂ ಒಂದು ಸ್ಥಾನ ಸಿಕ್ಕಿತು. ಎರಡು ಸಂದರ್ಶನ ಮಾಡುವುದು, ಎಲ್ಲದರ ಕರಡು ತಿದ್ದುವುದು ನಮ್ಮ ಪಾಲಿಗೆ ಬಂದವು.

ನಾವು ಹೋದದ್ದು ಐರೋಲಿಯಲ್ಲೇ ಮಗನ ಮನೆಯಲ್ಲಿರುವ ಒಬ್ಬ ಹಿರಿಯರ ಬಳಿಗೆ. ಕುಂದಾಪುರದ ಕಡೆಯವರು. 1958ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಮುಂಬಯಿಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿದವರು. ಹಗಲು ದುಡಿಮೆ, ರಾತ್ರಿ ಕನ್ನಡ ರಾತ್ರಿಶಾಲೆ. ಮೂರು ಗಂಟೆ ಮಾತನಾಡಿದರು. ಮೊಬೈಲಿನಲ್ಲಿ ಎಲ್ಲವೂ ದಾಖಲಾಯಿತು. ಮನೆಗೆ ಬಂದು ನಾಲ್ಕು ಭಾನುವಾರ ಕುಳಿತು ಬರೆದೆವು.

ಸಂಚಿಕೆ ಬಂತು. ನುಣುಪಾದ ಕಾಗದ, ಪುಟಪುಟಕ್ಕೂ ಬಣ್ಣ. ಸಮಾರಂಭದಲ್ಲಿ ಎಲ್ಲರೂ ‘ಭಾರಿ ರಿಚ್ ಆಗಿದೆ’ ಎಂದರು. ಆ ಹಿರಿಯರ ಸಂದರ್ಶನಕ್ಕೆ ಗೌರವಾರ್ಥವಾಗಿ ವಿಶೇಷ ವಿನ್ಯಾಸ: ಕುಂಕುಮದ ಕೆಂಪು ನೆಲ, ಅದರ ಮೇಲೆ ಅರಿಸಿನದ ಹಳದಿ ಅಕ್ಷರ, ಹಿನ್ನೆಲೆಯಲ್ಲಿ ಮಸುಕಾಗಿ ಗೇಟ್‌ವೇ ಆಫ್ ಇಂಡಿಯಾ. ಪ್ರತಿಯನ್ನು ನಾವೇ ಕೈಯಾರೆ ಒಯ್ದು ಕೊಟ್ಟೆವು. ಅವರು ಪುಟದ ಮೇಲೆ ಕೈಯಾಡಿಸಿ, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, “ಬಣ್ಣ ಚಂದ ಬಂದಿದೆ ಮಾರಾಯ್ರೆ. ಒಳಗೆ ಎಂತ ಬರೆದದ್ದು? ಒಮ್ಮೆ ಓದಿ ಹೇಳಿ ಕಾಂಬ” ಎಂದರು.

ತಮ್ಮದೇ ಮಾತನ್ನು ಅವರು ನಮ್ಮಿಂದ ಓದಿಸಿಕೊಳ್ಳಬೇಕಾಯಿತು. ಮುಂದೆ ನಡೆದುದನ್ನು ಕೊನೆಗೆ ಹೇಳುತ್ತೇವೆ. ಅದಕ್ಕೆ ಮುಂಚೆ, ಆ ಪುಟ ಏಕೆ ಕೆಟ್ಟಿತು ಎಂಬುದನ್ನು ಒಂದೊಂದಾಗಿ ನೋಡೋಣ. ಇಂಥ ಪುಟ ಅದೊಂದೇ ಅಲ್ಲ. ನಮ್ಮ ಮನೆಗೆ ಅಂಚೆಯಲ್ಲಿ ಬರುವ ವಿಶೇಷ ಸಂಚಿಕೆಗಳಲ್ಲಿ ಇವೇ ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ.

ಸಂದರ್ಶನವೆಂಬುದು ಲೇಖನವಲ್ಲ. ಲೇಖನದಲ್ಲಿ ಒಂದೇ ದನಿ, ಸಂದರ್ಶನದಲ್ಲಿ ಎರಡು. ಯಾರು ಕೇಳುತ್ತಿದ್ದಾರೆ, ಯಾರು ಹೇಳುತ್ತಿದ್ದಾರೆ, ಎಲ್ಲಿ ತಡೆದರು, ಎಲ್ಲಿ ನಕ್ಕರು ಎಂಬುದು ಪುಟ ನೋಡಿದೊಡನೆ ತಿಳಿಯಬೇಕು. ನಾಟಕವನ್ನು ಅಚ್ಚು ಹಾಕುವಾಗ ಇದು ನಮಗೆ ಗೊತ್ತಿರುತ್ತದೆ. ಪಾತ್ರದ ಹೆಸರನ್ನು ಬೇರೆಯಾಗಿ ಕೊಡುತ್ತೇವೆ, ಅಭಿನಯದ ಸೂಚನೆಯನ್ನು ಆವರಣದಲ್ಲಿ ಇಡುತ್ತೇವೆ. ಸಂದರ್ಶನಕ್ಕೆ ಬಂದಾಗ ಮರೆಯುತ್ತೇವೆ.

ಹೊರಗಿನವರು ಇದನ್ನು ಹೇಗೆ ಮಾಡಿದ್ದಾರೆ ನೋಡಿ. 1953ರಲ್ಲಿ ಆರಂಭವಾದ ‘ಪ್ಯಾರಿಸ್ ರಿವ್ಯೂ’ ಎಂಬ ಇಂಗ್ಲಿಷ್ ಸಾಹಿತ್ಯ ಪತ್ರಿಕೆ ಮೊದಲ ಸಂಚಿಕೆಯಲ್ಲೇ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ ಅವರ ಸಂದರ್ಶನ ಹಾಕಿತು. ಲೇಖಕರ ಸಂದರ್ಶನವೆಂದರೆ ಆ ಪತ್ರಿಕೆಯೇ ಎನ್ನುವಷ್ಟು ಅದು ಹೆಸರಾಯಿತು. ಪುಟ ಅತ್ಯಂತ ಸರಳ: ಮಾತನಾಡುವವರ ಹೆಸರು ಒಂದು ಸಾಲಿನಲ್ಲಿ, ಮಾತು ಅದರ ಕೆಳಗೆ. ಆಭರಣವೆಂದರೆ ಸಾಮಾನ್ಯವಾಗಿ ಒಂದೇ, ಆ ಲೇಖಕರ ಹಸ್ತಪ್ರತಿಯ ಒಂದು ಪುಟದ ಚಿತ್ರ. ಹೊಡೆದು ತಿದ್ದಿದ ಆ ಪುಟವನ್ನು ನೋಡಿದರೆ ಮನುಷ್ಯನನ್ನೇ ನೋಡಿದ ಹಾಗೆ.

ಇದಕ್ಕೆ ವಿರುದ್ಧ ತುದಿಯಲ್ಲಿ ಚಿತ್ರಕಾರ ಆ್ಯಂಡಿ ವಾರ್ಹೊಲ್ 1969ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಪತ್ರಿಕೆ. ಅದರ ಹೆಸರೇ ‘ಇಂಟರ್‌ವ್ಯೂ’. ಸಿನಿಮಾದವರು, ಹಾಡುಗಾರರು, ಸಿರಿವಂತರು ಅದರ ವಸ್ತು. ಧ್ವನಿಮುದ್ರಿಸಿದ ಮಾತನ್ನು ಹೆಚ್ಚು ಒಪ್ಪಮಾಡದೆ ಅಚ್ಚು ಹಾಕುವುದು ಅದರ ರೀತಿಯಾಗಿತ್ತು. 1972ರಿಂದ 1989ರವರೆಗೆ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಕಲಾವಿದರು ಅದರ ಮುಖಪುಟಕ್ಕೆ ಕಣ್ಣು ಕೋರೈಸುವ ಬಣ್ಣದ ಮುಖಗಳನ್ನು ಬಿಡಿಸಿದರು. ಮೊದಲ ವರ್ಷಗಳಲ್ಲಿ ಒಳಗಿದ್ದುದು ದಿನಪತ್ರಿಕೆಗೆ ಬಳಸುವಂಥ ಕಾಗದ. ಬಣ್ಣದ ವ್ಯಾಮೋಹಕ್ಕೆ ಹೆಸರಾದ ಮನುಷ್ಯನೂ ಬಣ್ಣವನ್ನು ಬಾಗಿಲಲ್ಲಿ ನಿಲ್ಲಿಸಿ ಮಾತನ್ನು ಒಳಗೆ ಕೂರಿಸಿದನೆಂದರೆ ತಪ್ಪಾಗಲಾರದು. ನಾವು ಬಣ್ಣವನ್ನು ಒಳಗೆ ಕರೆದು ಮಾತನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದೇವೆ.

ಕನ್ನಡದಲ್ಲೂ ಉದಾಹರಣೆಗೆ ಬರವಿಲ್ಲ. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಕಪ್ಪು-ಬಿಳುಪಿನದು; ಜಾಹೀರಾತನ್ನೂ ಹಾಕುತ್ತಿರಲಿಲ್ಲ. ಅದನ್ನು ಜನ ಕಾದು ಕೊಂಡು ಓದಿದರು. ಬಣ್ಣವಿಲ್ಲವೆಂದು ಯಾರೂ ಕೆಳಗಿಡಲಿಲ್ಲ.

ಈಗ ಅಕ್ಷರದ ವಿಚಾರ. ಅಕ್ಷರದ ಬಗ್ಗೆ ಪುಸ್ತಕಗಳು ಹೇಳುವ ನಿಯಮಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕಾಗಿ ಹುಟ್ಟಿದವು. ಕನ್ನಡದ ಅಕ್ಷರದ ಸ್ವಭಾವವೇ ಬೇರೆ. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಓರೆ ಅಕ್ಷರದ ಪರಂಪರೆಯೂ ಇಲ್ಲ. ಕಂಪ್ಯೂಟರಿನಲ್ಲಿ ಗುಂಡಿಯೊತ್ತಿ ಓರೆ ಮಾಡಿದರೆ ಗುಂಡಗಿನ ಅಕ್ಷರ ಗಾಳಿಗೆ ವಾಲಿದ ಗುಡಿಸಲಿನಂತೆ ಕಾಣುತ್ತದೆ. ಇನ್ನು ಒತ್ತಕ್ಷರ. ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ತ್ರೀ’ ಎಂಬ ಪದಗಳು ಕೆಳಕ್ಕೆ ಇಳಿಯುತ್ತವೆ. ಮುಂದಿನ ಸಾಲಿನ ಗುಡಿಸು, ಏತ್ವಗಳು ಮೇಲಕ್ಕೆ ಏರುತ್ತವೆ. ನಡುವೆ ಜಾಗವಿಲ್ಲದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ತುಳಿಯುತ್ತಾರೆ. ಇಂಗ್ಲಿಷಿನಲ್ಲಿ ಹತ್ತು ಪಾಯಿಂಟಿನ ಅಕ್ಷರಕ್ಕೆ ಹನ್ನೆರಡು ಪಾಯಿಂಟಿನ ಸಾಲು ಸಾಕಾಗಬಹುದು. ಅದೇ ಲೆಕ್ಕವನ್ನು ಕನ್ನಡಕ್ಕೆ ಹಚ್ಚಿದರೆ ಪುಟ ಉಸಿರುಗಟ್ಟುತ್ತದೆ. ನಮ್ಮ ಅನುಭವದಲ್ಲಿ ಹನ್ನೆರಡರ ಅಕ್ಷರಕ್ಕೆ ಹದಿನೆಂಟಾದರೂ ಬೇಕು, ಹಿರಿಯರು ಓದುವುದಿದ್ದರೆ ಹದಿನಾಲ್ಕಕ್ಕೆ ಇಪ್ಪತ್ತೊಂದು. ಎಪ್ಪತ್ತೆರಡು ಪಾಯಿಂಟಿಗೆ ಒಂದು ಅಂಗುಲ ಎಂದು ತಿಳಿದರೆ ಯಾರು ಬೇಕಾದರೂ ಸ್ಕೇಲು ಹಿಡಿದು ಲೆಕ್ಕ ಹಾಕಬಹುದು. ನಮ್ಮ ಸಂಚಿಕೆಯಲ್ಲಿ ಇದ್ದುದು ಒಂಬತ್ತಕ್ಕೆ ಹನ್ನೊಂದು.

ಎರಡನೆಯದು ಮಹಾಪ್ರಾಣದ ಗೀಟು. ದ-ಧ, ಬ-ಭ, ಪ-ಫ, ಡ-ಢ: ಈ ಜೋಡಿಗಳ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಗೀಟು. ರ ಮತ್ತು ಠ ನಡುವೆ ಒಂದು ಚುಕ್ಕೆ. ದಪ್ಪ ಅಕ್ಷರದಲ್ಲಿ, ಸಣ್ಣ ಗಾತ್ರದಲ್ಲಿ, ಬಣ್ಣದ ನೆಲದಲ್ಲಿ ಮೊದಲು ಸಾಯುವುದು ಈ ಗೀಟು ಮತ್ತು ಚುಕ್ಕೆ. ಆಗ ಧನ ಹೋಗಿ ದನ ಉಳಿಯುತ್ತದೆ, ಭಾರ ಹೋಗಿ ಬಾರ ಆಗುತ್ತದೆ. ಹಳೆಯ ಕಾಲದಲ್ಲಿ ಇದಕ್ಕೆ ಮುದ್ರಾರಾಕ್ಷಸನ ಹಾವಳಿ ಎನ್ನುತ್ತಿದ್ದರು. ಇಲ್ಲಿ ರಾಕ್ಷಸನ ತಪ್ಪೇನೂ ಇಲ್ಲ. ಕರಡಿನಲ್ಲಿ ಅಕ್ಷರ ಸರಿಯಾಗಿಯೇ ಇತ್ತು.

ಅಕ್ಷರದ ಆಯ್ಕೆಗೆ ಇಂದು ಬಡತನವಿಲ್ಲ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು ‘ಮಂಗಳೂರು ಸಮಾಚಾರ’ವನ್ನು ತಂದಾಗ ಅದು ಕಲ್ಲಚ್ಚಿನಲ್ಲಿ ಬಂತು. ಆಮೇಲೆ ಸೀಸದ ಮೊಳೆಗಳ ಕಾಲ. ಗುಣಿತ, ಒತ್ತುಗಳಿಗೆಲ್ಲ ನೂರಾರು ಮೊಳೆಗಳನ್ನು ಹುಡುಕಿ ಕೈಯಲ್ಲಿ ಜೋಡಿಸಬೇಕಿತ್ತು. ಆಮೇಲೆ ಕಂಪ್ಯೂಟರ್ ಬಂತು, ಕೆ. ಪಿ. ರಾಯರ ಕೀಲಿಮಣೆ ಬಂತು, ‘ಬರಹ’, ‘ನುಡಿ’ ಬಂದವು. ವಿಂಡೋಸ್ ಜೊತೆ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರಕ್ಕೆ ರೂಪ ಕೊಟ್ಟವರು ಮುಂಬಯಿಯವರೇ ಆದ, ಪೊವಾಯಿಯ ಐ.ಐ.ಟಿ.ಯಲ್ಲಿ ಕಲಿಸುತ್ತಿದ್ದ ಆರ್. ಕೆ. ಜೋಶಿಯವರು. ಐರೋಲಿಯ ಸೇತುವೆ ದಾಟಿದರೆ ಪೊವಾಯಿ ಎಷ್ಟು ದೂರ? ಮರಾಠಿ ಮನೆಮಾತಿನ ಒಬ್ಬ ಅಕ್ಷರಶಿಲ್ಪಿ ನಮ್ಮ ಅಕ್ಷರದ ತಲೆಕಟ್ಟು, ಒತ್ತು, ಕೊಂಬುಗಳ ಮೇಲೆ ಅಷ್ಟು ಶ್ರದ್ಧೆಯಿಟ್ಟು ಕೆಲಸ ಮಾಡಿದರು. ನಾವು ಅದೇ ಅಕ್ಷರವನ್ನು ಅಡ್ಡಕ್ಕೆ ಹಿಂಜಿ, ಉದ್ದಕ್ಕೆ ಎಳೆದು, ನೆರಳು ಹಾಕಿ ಹಿಂಸಿಸುತ್ತೇವೆ. ಮುಂಬಯಿಯ ‘ಏಕ್ ಟೈಪ್’ ಬಳಗದವರ ‘ಬಾಲೂ ತಮ್ಮ’ ತಲೆಬರಹಕ್ಕೆ ಬಹಳ ಚೆನ್ನಾಗಿರುತ್ತದೆ. ದುಂಡಗೆ, ನಗುಮುಖದ ಅಕ್ಷರ. ಅದರಲ್ಲೇ ನಾಲ್ಕು ಪುಟದ ಸಂದರ್ಶನವನ್ನು ಹೊಂದಿಸುವುದು ಮದುವೆಯ ವಾಲಗವನ್ನು ಮಲಗುವ ಕೋಣೆಯಲ್ಲಿ ಊದಿಸಿದಂತೆ. ಇನ್ನೊಂದು ಎಚ್ಚರ: ಹನ್ನೆರಡು ಪಾಯಿಂಟ್ ಎಂದ ಮಾತ್ರಕ್ಕೆ ಎಲ್ಲ ಅಕ್ಷರವೂ ಒಂದೇ ಗಾತ್ರದಲ್ಲಿ ಕಾಣುವುದಿಲ್ಲ. ಒಂದು ಫಾಂಟಿನ ಹನ್ನೆರಡು ಇನ್ನೊಂದರ ಹತ್ತರಂತೆ ಕಾಣಬಹುದು. ಪರದೆಯ ಮೇಲಿನ ಅಂಕಿಯನ್ನು ನಂಬದೆ ಕಾಗದದ ಮೇಲೆ ತೆಗೆದು ನೋಡಬೇಕು.

ನಮ್ಮ ಮಕ್ಕಳ ಕಷ್ಟವನ್ನೂ ಇಲ್ಲಿ ಹೇಳಬೇಕು. ಅವರು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಓದುತ್ತಾರೆ. ದೇವನಾಗರಿಯಲ್ಲಿ ಪದದ ನೆತ್ತಿಯ ಮೇಲೆ ಒಂದು ಗೆರೆ ಓಡುತ್ತದೆ. ಎಲ್ಲಿ ಗೆರೆ ಕಡಿಯಿತೋ ಅಲ್ಲಿ ಪದ ಮುಗಿಯಿತು. ಕನ್ನಡದಲ್ಲಿ ಆ ಗೆರೆಯಿಲ್ಲ, ಒಂದೊಂದು ಅಕ್ಷರವೂ ಬೇರೆ ಬೇರೆ ಬಳೆ. ಪದ ಎಲ್ಲಿ ಮುಗಿಯಿತು ಎಂದು ಹೇಳುವುದು ನಡುವಿನ ತೆರಪು ಮಾತ್ರ. ಮನೆಯಲ್ಲಿ ಅಮ್ಮನಿಂದ ಕನ್ನಡ ಕಲಿತ ಮಗುವಿಗೆ ಈ ತೆರಪೇ ಊರುಗೋಲು. ಕಿರಿದಾದ ಮೂರು ಕಾಲಂ ಮಾಡಿ ಎರಡು ಅಂಚನ್ನೂ ನೇರ ಮಾಡಿದರೆ ಆಗುವುದೇನು? ನಮ್ಮ ಪದಗಳು ಉದ್ದ. ‘ಹೋಗಬೇಕಾಗಿಬಂದಿದ್ದರಿಂದ’ ಎಂಬ ಒಂದೇ ಪದ ಅರ್ಧ ಸಾಲು ನುಂಗುತ್ತದೆ. ಉಳಿದ ಎರಡು ಪದಗಳ ನಡುವೆ ಐರೋಲಿಯ ಖಾಡಿಯಷ್ಟು ಅಂತರ ಬೀಳುತ್ತದೆ, ಮುಂದಿನ ಸಾಲಿನಲ್ಲಿ ಪದಗಳು ಒಂದರ ಮೇಲೊಂದು ಬೀಳುತ್ತವೆ. ಸಂದರ್ಶನಕ್ಕೆ ದೊಡ್ಡ ಪುಟದಲ್ಲಿ ಎರಡು ಕಾಲಂ, ಸಣ್ಣ ಪುಟದಲ್ಲಿ ಒಂದೇ; ಬಲ ಅಂಚನ್ನು ಹಾಗೆಯೇ ಬಿಟ್ಟರೂ ಅಪರಾಧವಲ್ಲ.

ನಾವು ಮಾಡಿಕೊಂಡಿರುವ ಒಂದು ಪರೀಕ್ಷೆಯಿದೆ. ಬೆಳಗ್ಗೆ ಐರೋಲಿಯಲ್ಲಿ ಠಾಣೆಯ ಗಾಡಿ ಹತ್ತಿ, ನಿಂತುಕೊಂಡೇ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಪತ್ರಿಕೆ. ನಡುವೆ 2024ರಲ್ಲಿ ಆರಂಭವಾದ ದಿಘಾ ಗಾಂವ್ ನಿಲ್ದಾಣ, ಆಮೇಲೆ ಠಾಣೆ. ಅಷ್ಟರೊಳಗೆ ಒಂದು ಪ್ರಶ್ನೆ, ಒಂದು ಉತ್ತರ ಸಲೀಸಾಗಿ ಓದಿ ಮುಗಿದರೆ ವಿನ್ಯಾಸ ಪಾಸು. ನಮ್ಮ ವಿಶೇಷ ಸಂಚಿಕೆಯನ್ನು ಹೀಗೆ ಪರೀಕ್ಷಿಸಿದಾಗ ಠಾಣೆ ಬಂದರೂ ನಾವು ಯಾರು ಮಾತನಾಡುತ್ತಿದ್ದಾರೆಂದು ಹುಡುಕುತ್ತಲೇ ಇದ್ದೆವು.

ಏಕೆಂದರೆ ಪ್ರಶ್ನೆ-ಉತ್ತರಗಳ ಭೇದವನ್ನು ನಾವು ತಲೆಕೆಳಗು ಮಾಡಿದ್ದೆವು. ಪ್ರಶ್ನೆಗಳು ದಪ್ಪ ಅಕ್ಷರದಲ್ಲಿ, ಉತ್ತರಗಳು ತೆಳು ಅಕ್ಷರದಲ್ಲಿ. ಪ್ರಶ್ನೆಗಳೋ ನಮ್ಮವು, ಉದ್ದವಾಗಿದ್ದವು, ಅವುಗಳಲ್ಲಿ ನಮ್ಮ ಪಾಂಡಿತ್ಯವೂ ತಕ್ಕಷ್ಟು ಇತ್ತು. ಪುಟವನ್ನು ದೂರದಿಂದ ನೋಡಿದರೆ ಪ್ರಶ್ನೆ ಕೇಳುವವರು ಕಿರುಚುತ್ತಿದ್ದಾರೆ, ಹಿರಿಯರು ಗೊಣಗುತ್ತಿದ್ದಾರೆ. ಕೇಳಿದ್ದು ಒಂದು ಸಾಲು, ಹೇಳಿದ್ದು ಇಪ್ಪತ್ತು ಸಾಲು ಇರಬೇಕಾದ ಕಡೆ ಸಂದರ್ಶಕನೇ ನಾಯಕನಾಗಿ ಕುಳಿತಿದ್ದಾನೆ. ಪ್ರಶ್ನೆ ಚಿಕ್ಕದಾಗಿ, ಸಾಧಾರಣ ಅಕ್ಷರದಲ್ಲಿ, ಮೇಲೆ ಒಂದು ಸಾಲಿನ ತೆರಪು ಬಿಟ್ಟು ಬರಲಿ. ಬೇಕಾದರೆ ಅದಕ್ಕೊಂದು ಕಡು ನೀಲಿಯೋ ಬೂದು ಬಣ್ಣವೋ ಇರಲಿ. ಉತ್ತರ ಮಾತ್ರ ಪೂರ್ಣ ಕಪ್ಪಿನಲ್ಲಿ ಇರಬೇಕು. ಅತಿಥಿಗೆ ಮಣೆ ಹಾಕಿ ನಾವು ನೆಲದಲ್ಲಿ ಕೂರುವುದು ನಮ್ಮ ಮನೆಗಳ ಪದ್ಧತಿಯಲ್ಲವೆ?

ಬಣ್ಣಕ್ಕೆ ಬರೋಣ. ಮ. ರಾಮಮೂರ್ತಿಯವರು ರೂಪಿಸಿದ ಅರಿಸಿನ-ಕುಂಕುಮದ ಬಾವುಟ 1960ರ ದಶಕದಿಂದ ನಮ್ಮ ಕಣ್ಣಲ್ಲಿ ನಿಂತಿದೆ. ಪರನಾಡಿನಲ್ಲಿ ಅದನ್ನು ಕಂಡರೆ ಎದೆ ಉಬ್ಬುತ್ತದೆ, ನಮಗೂ ಉಬ್ಬುತ್ತದೆ. ಬಾವುಟವನ್ನು ನಾವು ದೂರದಿಂದ ನೋಡುತ್ತೇವೆ, ಓದುವುದಿಲ್ಲ. ಅಕ್ಷರವನ್ನು ಓದಬೇಕು. ನಾವು ವಿಜ್ಞಾನದ ವಿದ್ಯಾರ್ಥಿಗಳಾಗಿದ್ದುದಕ್ಕೆ ಇಲ್ಲೊಂದು ಪ್ರಯೋಜನ ಸಿಕ್ಕಿತು. ಎರಡು ಬಣ್ಣಗಳ ನಡುವಿನ ಬೆಳಕಿನ ಅಂತರವನ್ನು ಅಳೆಯುವ ಒಂದು ಸೂತ್ರವಿದೆ. ಕಂಪ್ಯೂಟರ್ ಪರದೆಯ ಪುಟಗಳಿಗಾಗಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡದ್ದು. ಅದರಂತೆ ಬಿಳಿಯ ಮೇಲೆ ಕಪ್ಪು 21 ಪಾಲು. ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು. ಶುದ್ಧ ಕೆಂಪಿನ ಮೇಲೆ ಶುದ್ಧ ಹಳದಿ ಎಷ್ಟು? ಲೆಕ್ಕ ಹಾಕಿದೆವು: 3.7. ಬಿಳಿಯ ಮೇಲೆ ಕೆಂಪು 4. ಬಿಳಿಯ ಮೇಲೆ ಹಳದಿ 1.1, ಅಂದರೆ ಬರೆಯದೆ ಇದ್ದಂತೆಯೇ. ಹಳದಿಯ ಮೇಲೆ ಕಪ್ಪು ಮಾತ್ರ 19ಕ್ಕೂ ಮೇಲೆ. ಹಾಗಾಗಿ ಅರಿಸಿನ ಬೇಕೇ ಬೇಕೆನ್ನುವವರು ತಿಳಿಯಾದ ಅರಿಸಿನದ ನೆಲ ಮಾಡಿ ಕಪ್ಪು ಅಕ್ಷರ ಹಾಕಲಿ. ಅಭಿಮಾನವೂ ಉಳಿಯಿತು, ಓದೂ ಉಳಿಯಿತು.

ಇದು ಪರದೆಯ ಲೆಕ್ಕ. ಕಾಗದದ ಮೇಲೆ ಸ್ಥಿತಿ ಇನ್ನೂ ಕಷ್ಟ. ಮಸಿ ಕಾಗದದಲ್ಲಿ ಸ್ವಲ್ಪ ಹರಡುತ್ತದೆ. ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರವಾದರೆ ಅದು ಒಂದು ಕೂದಲೆಳೆ ದಪ್ಪವಾಗುತ್ತದೆ, ನಷ್ಟವಿಲ್ಲ. ಬಣ್ಣದ ನೆಲದಲ್ಲಿ ತೆರವು ಬಿಟ್ಟು ಅಕ್ಷರ ಮೂಡಿಸಿದರೆ ಸುತ್ತಲಿನ ಮಸಿ ಒಳಕ್ಕೆ ನುಗ್ಗಿ ಅಕ್ಷರ ಸಣಕಲಾಗುತ್ತದೆ. ಮಹಾಪ್ರಾಣದ ಗೀಟು ಮುಳುಗುವುದು ಇಲ್ಲಿಯೇ. ಇದರ ಮೇಲೆ, ಬಣ್ಣದ ಮುದ್ರಣವೆಂದರೆ ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳನ್ನು ಒಂದರ ಮೇಲೊಂದು ಒತ್ತುವುದು. ಒಂದು ತಟ್ಟೆ ಕೂದಲೆಳೆ ಸರಿದರೂ ಸಣ್ಣ ಅಕ್ಷರಕ್ಕೆ ನೆರಳು ಹುಟ್ಟುತ್ತದೆ. ಓದುವ ಅಕ್ಷರ ಕಪ್ಪು ಮಸಿ ಒಂದರಲ್ಲೇ ಅಚ್ಚಾಗಬೇಕೆಂದು ಪ್ರೆಸ್ಸಿಗೆ ಮೊದಲೇ ಹೇಳಬೇಕು. ಹೇಳಬೇಕಾದ ಗುಮಾಸ್ತರು ನಾವು, ಹೇಳಲಿಲ್ಲ. ಹಿಂದೆ ಗೇಟ್‌ವೇ ಚಿತ್ರ ಹಾಕಿದ್ದಂತೂ ಮಾತನಾಡುವವರ ಹಿಂದೆ ಬ್ಯಾಂಡು ನುಡಿಸಿದಂತಾಯಿತು. ಅದು ಅವರ ಜೀವನದ ಚಿತ್ರವೂ ಅಲ್ಲ. ರಾತ್ರಿಶಾಲೆಯ ಅವರ ಹಳೆಯ ನೋಟುಪುಸ್ತಕ ಮನೆಯಲ್ಲೇ ಇತ್ತು. ಅದರ ಒಂದು ಪುಟವನ್ನು ತೆಗೆದು ಹಾಕಿದ್ದರೆ ಆ ಗೇಟ್‌ವೇ ಯಾರಿಗೂ ನೆನಪಾಗುತ್ತಿರಲಿಲ್ಲ.

ಖಜಾಂಚಿಗಳ ವಾದವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. “ಸ್ವಾಮಿ, ಜಾಹೀರಾತು ಕೊಡುವವರು ಬಣ್ಣ ಕೇಳುತ್ತಾರೆ. ಅಕ್ಷರ ದೊಡ್ಡದು ಮಾಡಿದರೆ ಪುಟ ಹೆಚ್ಚುತ್ತದೆ. ಪುಟ ಒಂದೊಂದಾಗಿ ಹೆಚ್ಚುವುದಿಲ್ಲ, ನಾಲ್ಕು ನಾಲ್ಕಾಗಿ ಹೆಚ್ಚುತ್ತದೆ. ಆ ದುಡ್ಡು ಯಾರು ಕೊಡುತ್ತಾರೆ?” ಮಾತು ನಿಜ. ಸಂಘದ ಪತ್ರಿಕೆ ನಡೆಯುವುದು ಹೋಟೆಲಿನವರ, ಬ್ಯಾಂಕಿನವರ, ಕ್ಯಾಟರಿಂಗಿನವರ ಉದಾರತೆಯಿಂದ. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ನಮ್ಮ ಉತ್ತರ ಇಷ್ಟೆ: ಬಣ್ಣ ಜಾಹೀರಾತಿಗೆ ಇರಲಿ, ಮುಖಪುಟಕ್ಕೆ ಇರಲಿ, ಸಂದರ್ಶನದ ಪುಟಗಳನ್ನು ಒಂದೇ ಬಣ್ಣದ ಬೇರೆ ಫಾರಮಿನಲ್ಲಿ ಅಚ್ಚು ಹಾಕಿದರೆ ಅಲ್ಲಿ ಉಳಿದ ದುಡ್ಡು ನಾಲ್ಕು ಪುಟಕ್ಕೆ ನೆರವಾಗುತ್ತದೆ. ಇನ್ನೂ ಸಾಲದಿದ್ದರೆ ಹನ್ನೆರಡು ಸಂದರ್ಶನದ ಬದಲು ಎಂಟು ಹಾಕೋಣ. ಉಳಿದ ನಾಲ್ಕು ಮುಂದಿನ ತಿಂಗಳುಗಳಿಗೆ. ಹನ್ನೆರಡು ಜನರನ್ನು ಓದಲಾಗದಂತೆ ಗೌರವಿಸುವುದಕ್ಕಿಂತ ಎಂಟು ಜನರ ಮಾತನ್ನು ಕೇಳಿಸುವುದು ಮೇಲು. ಉತ್ತರವನ್ನು ನಡುವೆ ಕಡಿದು ‘ಮುಂದಿನ ಭಾಗ 47ನೆಯ ಪುಟದಲ್ಲಿ’ ಎಂದು ಓದುಗನನ್ನು ಅಲೆಸುವ ಪದ್ಧತಿಯೂ ನಿಲ್ಲಲಿ. ಮಾತನಾಡುತ್ತಿರುವವರನ್ನು ನಡುವೆ ಎಬ್ಬಿಸಿ ಇನ್ನೊಂದು ಕೋಣೆಗೆ ಕಳಿಸುವವರು ಉಂಟೆ?

ಈಗ ಮೊದಲು ಹೇಳದೆ ಬಿಟ್ಟ ಸಂಗತಿ.

ಆ ದಿನ ಹಿರಿಯರಿಗೆ ಸಂದರ್ಶನವನ್ನು ಓದಿ ಹೇಳುತ್ತ ಬಂದೆವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೆಯ ಪುಟಕ್ಕೆ ಬಂದಾಗ “ಧಣಿಗಳು ಭಾರಿ ದಯೆಯವರು. ಹೋಟೆಲು ಮುಚ್ಚಿದ ಮೇಲೆ ಮೇಜಿನ ಅಡಿ ಮಲಗಲಿಕ್ಕೆ ಬಿಡುತ್ತಿದ್ದರು” ಎಂದು ಓದಿ ಮುಂದೆ ಹೋದೆವು. ಅವರು ಕೈಯೆತ್ತಿ ತಡೆದರು. “ಅಲ್ಲಿ ನಾನು ನಗಲಿಲ್ವಾ?” ಎಂದರು.

ನಕ್ಕಿದ್ದರು. ಮೊಬೈಲಿನಲ್ಲಿ ನಗು ಸ್ಪಷ್ಟವಾಗಿದೆ. ನಕ್ಕು, “ಮೇಜಿನ ಮೇಲೆ ಮಲಗುವ ಅಧಿಕಾರ ಹಳಬರಿಗೆ ಮಾತ್ರ” ಎಂದೂ ಹೇಳಿದ್ದರು. ನಮ್ಮ ಬರಹದಲ್ಲಿ ‘ನಗುತ್ತಾರೆ’ ಎಂದು ಆವರಣದಲ್ಲಿ ಇತ್ತು, ಆ ವಾಕ್ಯವೂ ಇತ್ತು. ಪುಟ ಹೊಂದಿಸುವಾಗ ನಾಲ್ಕು ಸಾಲು ಹೆಚ್ಚಾಯಿತು. ಕೆಳಗೆ ಅರ್ಧಪುಟದ ಜಾಹೀರಾತು, ಅದನ್ನು ಅಲುಗಿಸುವಂತಿಲ್ಲ. ಮುಖ್ಯವಲ್ಲದ್ದನ್ನು ತೆಗೆಯಿರಿ ಎಂದು ಫೋನು ಬಂತು. ರಾತ್ರಿ ಹನ್ನೊಂದು ಗಂಟೆಗೆ ಕರಡಿನ ಮೇಲೆ ಗೀಟು ಎಳೆದವರು ನಾವೇ. ನಗುವನ್ನು ಮುಖ್ಯವಲ್ಲದ್ದೆಂದು ತೀರ್ಮಾನಿಸಿದೆವು.

ಅಷ್ಟೇ ಆಗಿದ್ದರೆ ಹೇಗೋ. ಪುಟಕ್ಕೆ ಅಂದ ಬರಲೆಂದು ಸಂದರ್ಶನದಿಂದ ಒಂದು ಸಾಲನ್ನು ಎತ್ತಿ ಭಾವಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ಯಾವ ಸಾಲು? “ಧಣಿಗಳು ಭಾರಿ ದಯೆಯವರು.” ಇಡೀ ಸಂದರ್ಶನದಲ್ಲಿ ಯಾರಾದರೂ ಓದಬಹುದಾಗಿದ್ದ ಸಾಲೆಂದರೆ ಅದೊಂದೇ. ಜೊತೆಯಲ್ಲಿ ಮೇಜಿನ ಅಡಿ ಮಲಗಿದ್ದ ಹಳೆಯ ಗೆಳೆಯರೊಬ್ಬರು ಕಲ್ಯಾಣದಿಂದ ಅವರಿಗೆ ಫೋನು ಮಾಡಿ, “ಎಂತ ಮಾರಾಯ, ಈಗ ಧಣಿಗಳ ಗುಣಗಾನವಾ?” ಎಂದು ಕೇಳಿದ್ದರಂತೆ. ಹಿರಿಯರಿಗೆ ಅದು ಅರ್ಥವೇ ಆಗಿರಲಿಲ್ಲ. ನಾವು ಓದಿದ ಮೇಲೆ ಆಯಿತು. ಅವರು ಸಿಟ್ಟಾಗಲಿಲ್ಲ. “ಅವ ಹಾಗೆ ತಿಳಿದನಲ್ಲ” ಎಂದು ಒಂದೇ ಮಾತು ಹೇಳಿ ಸುಮ್ಮನಾದರು.

ಅಂದು ನಮಗೆ ತಿಳಿದದ್ದು ಇಷ್ಟು. ಓದಲಾಗದ ಪುಟದಿಂದ ಕಣ್ಣಿಗೆ ತ್ರಾಸವಾಗುವುದಷ್ಟೇ ಅಲ್ಲ, ಮಾತನಾಡಿದವರ ಕೈಯಿಂದ ತಿದ್ದುವ ಹಕ್ಕೂ ಹೋಗುತ್ತದೆ. ಓದಲು ಬಂದಿದ್ದರೆ ಮೊದಲ ದಿನವೇ ಅವರು ತಪ್ಪು ಹಿಡಿಯುತ್ತಿದ್ದರು, ಗೆಳೆಯನಿಗೆ ತಾವೇ ಹೇಳುತ್ತಿದ್ದರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಎಂಟು ಪಾಯಿಂಟಿನಲ್ಲಿ, ನಾಲ್ಕು ಸಾಲು, ಕೊನೆಯ ಪುಟದ ಮೂಲೆಯಲ್ಲಿ. ಅದನ್ನೂ ಅವರಿಗೆ ನಾವೇ ಓದಿ ಹೇಳಿದೆವು.

ಆದ್ದರಿಂದ ಸಂದರ್ಶನ ಸಂಚಿಕೆ ತರುವ ಎಲ್ಲ ಸಂಘಗಳ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ಪುಟ ಅಚ್ಚಿಗೆ ಹೋಗುವ ಮುಂಚೆ, ಹೊಂದಿಸಿದ ಪುಟದ ಒಂದು ಪ್ರತಿಯನ್ನು, ಅದೇ ಗಾತ್ರದಲ್ಲಿ, ಅದೇ ಬಣ್ಣದಲ್ಲಿ, ಮಾತನಾಡಿದವರ ಕೈಯಲ್ಲೇ ಕೊಡಿ. ಅವರು ಕನ್ನಡಕ ಹಾಕಿ ಓದಲಿ. ಓದಲು ಆಗದಿದ್ದರೆ ಪುಟ ಸಿದ್ಧವಾಗಿಲ್ಲ. ಓದಿ ‘ಇಲ್ಲಿ ನಾನು ನಕ್ಕಿದ್ದೆ’ ಎಂದರೆ ನಗುವಿಗೆ ಜಾಗ ಮಾಡಿ. ನಮ್ಮ ಪ್ರಶ್ನೆಯನ್ನು ನಾಲ್ಕು ಸಾಲು ಕಡಿಮೆ ಮಾಡಿದರೆ ಜಾಗ ಸಿಗುತ್ತದೆ. ಎತ್ತಿ ಹಾಕುವ ಸಾಲನ್ನು ಅವರೇ ಆರಿಸಲಿ.

ನಮ್ಮ ಪ್ರಾಯಶ್ಚಿತ್ತವನ್ನು ನಾವು ಝೆರಾಕ್ಸ್ ಅಂಗಡಿಯಲ್ಲಿ ಮಾಡಿಕೊಂಡೆವು. ಇಡೀ ಸಂದರ್ಶನವನ್ನು ಬಿಟ್ಟ ಸಾಲುಗಳ ಸಮೇತ ಬಿಳಿ ಕಾಗದದ ಮೇಲೆ, ಹದಿನಾರು ಪಾಯಿಂಟಿನ ಕಪ್ಪು ಅಕ್ಷರದಲ್ಲಿ, ಸಾಲಿಗೆ ಸಾಲು ದೂರ ಬಿಟ್ಟು ತೆಗೆಸಿ, ಹನ್ನೊಂದು ಹಾಳೆಗಳನ್ನು ಪಿನ್ನು ಹೊಡೆದು ಕೊಂಡೊಯ್ದೆವು. ಇನ್ನೆರಡು ಪ್ರತಿ ಕೇಳಿದರು, ಒಂದು ಕಲ್ಯಾಣಕ್ಕೆ. ಆರನೆಯ ತರಗತಿಯ ಮೊಮ್ಮಗಳು ಅಜ್ಜನ ಪಕ್ಕದಲ್ಲಿ ಕುಳಿತು ಬೆರಳಿಟ್ಟು ಓದತೊಡಗಿದಳು. ಒತ್ತಕ್ಷರ ಬಂದಲ್ಲೆಲ್ಲ ನಿಂತಳು, ಬಿಡಿಸಿ ಮುಂದೆ ಹೋದಳು. ಮೇಜಿನ ಅಡಿಯ ಸಾಲಿಗೆ ಬಂದಾಗ ಆವರಣದ ಪದವನ್ನೂ ಬಿಡದೆ “ನಗುತ್ತಾರೆ” ಎಂದು ಗಟ್ಟಿಯಾಗಿ ಓದಿದಳು. ಹಿರಿಯರು ನಕ್ಕರು.